ಅತ್ತೆಯ ಟೇಪಿಗೊಂದು ಕ್ಯಾಮೆರಾ

ನಮ್ಮ ಸೋದರತ್ತೆಗೆ ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಯಿತು. ಮಾತು ಹೋಯಿತು ಅಂತ ಮಾತ್ರ ಹೇಳುವ ಹಾಗಿಲ್ಲ. ಸ್ಟೀಲ್ ಲೋಟಕ್ಕೆ ಚಮಚ ತಾಗಿಸಿ ಕಾಫಿ ಕೇಳುತ್ತಾಳೆ, ಅದೇ ಲೋಟ ಅದೇ ಚಮಚದಲ್ಲಿ ಬೈಯುತ್ತಾಳೆ. ಬಡಿತ ಕೇಳಿದರೆ ಯಾವುದು ಕಾಫಿ, ಯಾವುದು ಬೈಗುಳ ಅಂತ ಮನೆಮಂದಿಗೆಲ್ಲ ಗೊತ್ತು. ಚನ್ನಗಿರಿಯಲ್ಲಿ ನನ್ನ ಹೊಲಿಗೆ ಅಂಗಡಿ ಮನೆಯ ಮುಂದಿನ ಕೋಣೆಯಲ್ಲೇ ಇರುವುದರಿಂದ ಗಿರಾಕಿಗಳೂ ಕಲಿತುಬಿಟ್ಟಿದ್ದಾರೆ. ‘ನಿಮ್ಮತ್ತೆ ಕರೀತಾರೆ ನೋಡ್ರಿ, ಸಿಟ್ಟಾಗೈತೆ’ ಅನ್ನುತ್ತಾರೆ.

ದನಿ ಇದ್ದಾಗ ಅವಳು ಬೀಗರ ಹಾಡಿಗೆ ಹೆಸರಾದವಳು. ಮದುವೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಸೇರಿ ಅವರನ್ನು ಹಾಡಿನಲ್ಲೇ ಗೇಲಿ ಮಾಡುವುದು ನಮ್ಮ ಕಡೆಯ ಪದ್ಧತಿ. ಬೀಗರ ಹೊಟ್ಟೆ, ಬೀಗತಿಯ ಜಂಬ, ಹಿರಿಯರ ಬೊಕ್ಕತಲೆ ಯಾವುದನ್ನೂ ಬಿಡುವಂತಿಲ್ಲ. ಬೈಸಿಕೊಂಡವರು ಅನ್ನ ಕಲೆಸುತ್ತಾ ನಗುತ್ತಿದ್ದರು. ಸಿಟ್ಟಾಗುತ್ತಿದ್ದದ್ದು ಹಾಡಿನಲ್ಲಿ ಹೆಸರು ಬಾರದವರು. ‘ನಾವೇನು ಬೀಗರಲ್ವಾ, ನಮ್ಮನ್ನ ಯಾಕ್ ಬಿಟ್ರಿ?’ ಅಂತ ಕೈತೊಳೆಯುವ ಜಾಗಕ್ಕೇ ಬಂದು ಕೇಳುತ್ತಿದ್ದರು. ಅತ್ತೆ ಅಲ್ಲೇ ನಿಂತು ಅವರಿಗೂ ಒಂದು ನುಡಿ ಕಟ್ಟಿ ಹಾಡಿ ಕಳಿಸುತ್ತಿದ್ದಳು. ನನಗೆ ಈಗ ಬರುವ ಮಾತೆಲ್ಲ ಅವಳ ಮಗ್ಗುಲಲ್ಲಿ ಕೂತು ಕಲಿತದ್ದು. ಹಾಡು ಮಾತ್ರ ಕಲಿಯಲಿಲ್ಲ. ಅವಳಿದ್ದಾಳಲ್ಲ ಅಂದುಕೊಂಡಿದ್ದೆ.

ಹೋದ ವರ್ಷ ಅಟ್ಟದ ಟ್ರಂಕು ಇಳಿಸಿ ಒರೆಸುವಾಗ ಅತ್ತೆಯ ಕೈಗೆ ಒಂದು ಪುಟ್ಟ ಟೇಪು ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಮೇಲೆ ‘ಮದುವೆ, ಊಟ’ ಅಂತ ಬರೆದಿತ್ತು. ನನ್ನ ತಂಗಿಯ ಮದುವೆಯಲ್ಲಿ ಅವಳ ಗಂಡನ ಗೆಳೆಯರೊಬ್ಬರು ಹೊಸ ಕ್ಯಾಮೆರಾ ತಂದು ತೆಗೆದದ್ದು. ಸಿಡಿ ಮಾಡಿಕೊಡ್ತೀನಿ ಅಂದವರು ಮಾಡಿಕೊಡಲಿಲ್ಲ, ಟೇಪನ್ನೇ ಕೊಟ್ಟು ಹೋಗಿದ್ದರು, ಈಗ ಎಲ್ಲಿದ್ದಾರೋ ಯಾರಿಗೂ ತಿಳಿಯದು. ಅತ್ತೆ ಅದನ್ನು ನನ್ನ ಅಂಗೈಲಿಟ್ಟಳು. ತನ್ನ ಗಂಟಲು ಮುಟ್ಟಿಕೊಂಡಳು. ಆಮೇಲೆ ಕೈಯನ್ನು ಅಂಗಾತ ಮಾಡಿ ಹಿಡಿದಳು. ಅದು ಅವಳ ‘ಹೆಂಗೆ?’

ಹೆಂಗೆ ಅಂತ ನನಗೇನು ಗೊತ್ತು? ನಮ್ಮೂರಿನ ಫೋಟೋ ಸ್ಟುಡಿಯೋದವರನ್ನು ಕೇಳಿದೆ. ಅವರು ಟೇಪನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

‘ಇದಕ್ಕೆ ಇದೇ ಜಾತಿ ಕ್ಯಾಮೆರಾನೇ ಬೇಕಮ್ಮ. ಈಗ ಹೊಸದು ಬರಲ್ಲ, ಹಳೇದೇ ಹುಡುಕ್ಬೇಕು. ಹುಷಾರು, ಕೆಟ್ಟ ಕ್ಯಾಮೆರಾಕ್ಕೆ ಹಾಕಿದ್ರೆ ಟೇಪನ್ನ ನುಂಗಿಬಿಡತೈತೆ.’

‘ಒಳ್ಳೇದು ಯಾವ್ದು, ಕೆಟ್ಟದ್ದು ಯಾವ್ದು, ಗೊತ್ತಾಗೋದು ಹೆಂಗೆ?’

‘ಹಾಕಿ ನೋಡ್ಬೇಕು.’

ಅಲ್ಲಿಂದ ಶುರುವಾಯಿತು ನನ್ನ ತಲೆಕೆಡುವುದು. ಹಾಕಿ ನೋಡದೆ ತಿಳಿಯದು, ತಿಳಿಯದೆ ಹಾಕುವ ಹಾಗಿಲ್ಲ. ಹೊಲಿಗೆ ಮಷೀನಿನ ಕೆಳಗೆ ದಾರ ಗೂಡು ಕಟ್ಟಿಕೊಳ್ಳುವುದನ್ನು ನಾನು ದಿನಾ ನೋಡುವವಳು. ದಾರ ಕತ್ತರಿಸಿ ಬೇರೆ ಪೋಣಿಸಬಹುದು. ಅತ್ತೆಯ ದನಿ ಲೋಕದಲ್ಲಿ ಉಳಿದಿರುವುದು ಈ ಒಂದು ಟೇಪಿನಲ್ಲಿ. ಅದನ್ನು ಕತ್ತರಿಸಿದರೆ ಏನು ಪೋಣಿಸಲಿ?

ಹಳೇ ಕ್ಯಾಮೆರಾ ಯಾವ್ಯಾವ ಊರಿನಲ್ಲಿವೆ ಅಂತ ಗಿರಾಕಿಗಳನ್ನು ವಿಚಾರಿಸಿಕೊಂಡು, ಟೇಪನ್ನು ಕನ್ನಡಕದ ಡಬ್ಬಿಯಲ್ಲಿಟ್ಟು ಮೊದಲು ಹೊನ್ನಾಳಿ ಬಸ್ಸು ಹತ್ತಿದೆ. ‘ಕ್ಯಾಮೆರಾ ನೋಡಾಕೆ ಹೊಂಟೀಯೋ, ಹೆಣ್ಣು ನೋಡಾಕೆ ಹೊಂಟೀಯೋ?’ ಅಂದರು ನಮ್ಮನೆಯವರು. ಮೈಸೂರು ಸಿಲ್ಕ್ ಸೀರೆ ಉಟ್ಟಿದ್ದೆ ನೋಡಿ, ಅದಕ್ಕೆ.

ಹೊನ್ನಾಳಿಯ ಸ್ಟುಡಿಯೋದವರು ಟೇಬಲ್ಲಿನ ಮೇಲೆ ಟವೆಲ್ ಹಾಸಿ ಎರಡು ಕ್ಯಾಮೆರಾ ಇಟ್ಟರು. ಎರಡರ ಮೇಲೂ ‘ಡಿಜಿಟಲ್’ ಅಂತಿತ್ತು. ಮೊದಲನೆಯದರ ಬಾಗಿಲು ಕರಕರ ಅಂತ ತೆರೆಯಿತು. ನನ್ನ ಟೇಪು ಅದರೊಳಗೆ ದೊಡ್ಡವರ ಚಪ್ಪಲಿಗೆ ಮಗುವಿನ ಕಾಲು ಹಾಕಿದಂಗೆ ಅಲ್ಲಾಡಿತು. ‘ಇದೂ ಡಿಜಿಟಲ್ಲೇ ರೀ, ಇದರ ಟೇಪು ದೊಡ್ಡದು’ ಅಂದರು. ಎರಡನೆಯದಕ್ಕೆ ಬಾಗಿಲೇ ಇರಲಿಲ್ಲ.

‘ಇದಕ್ಕೆ ಟೇಪ್ ಹಾಕಾದು ಎಲ್ಲಿ?’

‘ಇದಕ್ಕೆ ಟೇಪೇ ಬೇಡ. ಒಳಗೇ ತುಂಬಿಕೊಳ್ಳತೈತೆ. ಇದನ್ನ ತಗೊಳ್ರಿ, ತಲೆನೋವಿಲ್ಲ.’

‘ನನ್ನತ್ರ ಇರಾದೇ ಟೇಪು!’

‘ಅದನ್ನ ಬಿಟ್ಟುಬಿಡ್ರಿ.’

ಬಿಟ್ಟುಬಿಡಲು ಅಷ್ಟು ದೂರ ಹೋಗಬೇಕಿತ್ತೆ? ನನ್ನ ಮುಖ ನೋಡಿ ಅವರಿಗೂ ಪಾಪ ಅನ್ನಿಸಿರಬೇಕು, ಟೀ ತರಿಸಿದರು. ಟೀ ಕುಡಿಯುತ್ತಾ ಇನ್ನೊಂದು ಗೊಂದಲ ಸೇರಿಸಿದರು. ಕೆಲವರು ಟೇಪು ಉಳಿಸಲು ಅದನ್ನು ನಿಧಾನ ಓಡಿಸಿ ತೆಗೆಯುತ್ತಿದ್ದರಂತೆ. ಹಾಗೆ ತೆಗೆದಿದ್ದರೆ ಒಂದು ಕ್ಯಾಮೆರಾದ ಟೇಪು ಇನ್ನೊಂದಕ್ಕೆ ಒಗ್ಗುವುದು ಕಷ್ಟವಂತೆ.

‘ಅಂದ್ರೆ ಬರಲ್ವಾ?’

‘ಬರಲ್ಲ ಅನ್ನಂಗಿಲ್ಲ. ಬರತೈತೆ ಅನ್ನಂಗೂ ಇಲ್ಲ.’

ತುಂಗಭದ್ರೆಯ ಸೇತುವೆ ಮೇಲೆ ನಿಂತು ಈ ಮಾತನ್ನು ಬಟ್ಟೆಯ ಹಾಗೆ ಎಷ್ಟು ತಿರುಗಿಸಿ ಹಾಕಿದರೂ ಅದರ ಸರಿ ಮಗ್ಗುಲು ಯಾವುದು, ಉಲ್ಟಾ ಮಗ್ಗುಲು ಯಾವುದು ಗೊತ್ತಾಗಲಿಲ್ಲ. ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೈ ಅಂಗಾತ ಹಿಡಿದು ನಿಂತಿದ್ದಳು.

ಮುಂದಿನ ವಾರ ನ್ಯಾಮತಿ. ಅಲ್ಲಿಯವರು ಮೊದಲು ಮದುವೆ ಶೂಟಿಂಗ್ ಮಾಡುತ್ತಿದ್ದು, ಈಗ ಪೈಪು ನಲ್ಲಿ ಮಾರುವವರು. ಕ್ಯಾಮೆರಾವನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಪಕ್ಕ ಇಟ್ಟಿದ್ದರು. ಬಿಚ್ಚಿದರೆ ಹೊಸದರ ಹಾಗೆ ಹೊಳೆಯುತ್ತಿತ್ತು. ನೆತ್ತಿಯ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ನನಗೆ ನೋಡಿದ ಕೂಡಲೇ ಮನಸ್ಸು ಬಂತು. ಇಷ್ಟು ಭಕ್ತಿಯಿಂದ ಇಟ್ಟುಕೊಂಡವರು ಒಳಗನ್ನು ಹಾಳು ಮಾಡಿರುತ್ತಾರೆಯೆ?

ಅವರು ತಮ್ಮದೇ ಒಂದು ಟೇಪು ಹಾಕಿ ತೋರಿಸಿದರು. ಅವರ ಮನೆಯ ಗೃಹಪ್ರವೇಶ. ಹೊಸ್ತಿಲ ಮುಂದೆ ಒಂದು ಹಸು ನಿಂತಿದೆ, ಒಳಗೆ ಬರಲೊಲ್ಲದು. ಹಿಂದಿನಿಂದ ನಾಲ್ಕಾರು ಜನ ತಳ್ಳುತ್ತಿದ್ದಾರೆ. ಅಷ್ಟರಲ್ಲಿ ಚಿತ್ರ ಕೆಟ್ಟು ಹಸು ಚೌಕ ಚೌಕವಾಗಿ ಒಡೆದುಹೋಯಿತು. ತಲೆ ಬಾಗಿಲ ಮೇಲೆ, ಬಾಲ ಪುರೋಹಿತರ ಹೆಗಲ ಮೇಲೆ. ಮಂತ್ರ ನಿಂತು ಬರೀ ಟಕ್ ಟಕ್ ಅಂತ ಸದ್ದು.

‘ಟೇಪು ಹಳೇದು ರೀ, ಅದಕ್ಕೆ ಹಿಂಗೆ’ ಅಂದರು. ‘ಕ್ಯಾಮೆರಾ ಬಂಗಾರದಂಥದ್ದು. ನಿಮ್ದು ಹಾಕಿ ನೋಡ್ರಿ.’

ಕನ್ನಡಕದ ಡಬ್ಬಿ ತೆರೆದೆ. ಮುಚ್ಚಿದೆ. ತಪ್ಪು ಟೇಪಿನದೋ ಕ್ಯಾಮೆರಾದ್ದೋ? ಟೇಪಿನದಾದರೆ ನನ್ನ ಟೇಪೂ ಅಷ್ಟೇ ಹಳೆಯದು. ಕ್ಯಾಮೆರಾದ್ದಾದರೆ ಹಾಕಿದ ಮರುಗಳಿಗೆ ಅತ್ತೆಯೂ ಚೌಕ ಚೌಕ. ಬಾಗಿಲು ಇನ್ನೊಮ್ಮೆ ತೆಗೆಯಿರಿ ಅಂದೆ, ಹೊಲಿಗೆಯವಳು ನಾನು ಅನ್ನುತ್ತಾ ಮಷೀನಿನ ಬಾಬಿನ್ ನೋಡುವವಳ ಹಾಗೆ ಬಗ್ಗಿ ಇಣುಕಿದೆ. ಒಳಗೆಲ್ಲ ಕೆಂಪು.

‘ಇದೇನು ಕೆಂಪಗೈತಲ್ಲ?’

‘ಕುಂಕುಮ. ಪ್ರತಿ ಆಯುಧಪೂಜೆಗೂ ಬಾಗಿಲು ತೆಗೆದು ಒಳಗೂ ಇಡ್ತೀನಿ. ಎಲ್ರೂ ಮೇಲೆ ಇಟ್ಟು ಕೈಮುಗೀತಾರೆ. ಆಯುಧ ಇರಾದು ಒಳಗೆ ಅಲ್ವೇನ್ರಿ? ನೀವು ಮಷೀನಿಗೆ ಇಡಲ್ವಾ?’

ಇಡುತ್ತೇನೆ. ಆದರೆ ಸೂಜಿಗೆ ಇಡುತ್ತೇನೋ, ತಲೆಗೆ ಇಡುತ್ತೇನೋ? ಆ ಹೊತ್ತಿನಲ್ಲಿ ಅದೂ ನೆನಪಾಗಲಿಲ್ಲ. ಕುಂಕುಮ ತಪ್ಪು ಅನ್ನಲು ಬಾಯಿ ಬರಲಿಲ್ಲ, ಸರಿ ಅನ್ನಲು ಧೈರ್ಯ ಬರಲಿಲ್ಲ. ಕೊನೆಗೆ ಒಂದು ಉಪಾಯ ತೋಚಿತು.

‘ಈ ಹಸು ಟೇಪನ್ನ ಒಂದೆರಡು ದಿನ ಕೊಡ್ತೀರಾ? ಜಗಳೂರಿನಾಗೆ ಇನ್ನೊಂದು ಕ್ಯಾಮೆರಾ ಐತಂತೆ. ಅದರಾಗೆ ಹಾಕಿ ನೋಡ್ತೀನಿ.’

ಅವರ ಮುಖ ಚಿಕ್ಕದಾಯಿತು. ‘ಅಂದ್ರೆ ನಮ್ಮ ಹುಡುಗಿ ಒಪ್ಪಿಗೆ ಆಗ್ಲಿಲ್ಲ ಅನ್ರಿ.’

‘ಹಂಗಲ್ಲ ರೀ...’

‘ಇರ್ಲಿ ತಗೊಳ್ರಿ.’ ಟೇಪು ಹೊರಗೆ ತೆಗೆದು ಕೊಟ್ಟರು. ‘ಕಳೀಬ್ಯಾಡ್ರಿ. ಮುಂದೆ ನಮ್ಮ ಮನೆಯಾಕಿ ಆರತಿ ಹಿಡಕೊಂಡು ಬರತಾಳೆ ಅದರಾಗೆ. ಈಗ ಅವಳಿಲ್ಲ.’

ನಾನು ನನ್ನ ಟೇಪನ್ನು ಅವರ ಯಂತ್ರಕ್ಕೆ ಕೊಡಲು ಹೆದರಿದ್ದೆ. ಅವರು ತಮ್ಮದನ್ನು ಗುರುತು ಪರಿಚಯವಿಲ್ಲದ ನನ್ನ ಚೀಲಕ್ಕೆ ಹಾಕಿದರು. ಡಬ್ಬಿಯಲ್ಲಿ ಎರಡು ಟೇಪು ಹಿಡಿಸಲಿಲ್ಲ. ಕನ್ನಡಕಕ್ಕಂತೂ ಮೊದಲೇ ಜಾಗವಿರಲಿಲ್ಲ. ಕರ್ಚೀಫಿನಲ್ಲಿ ಸುತ್ತಿ ಹಸುವನ್ನು ಎದೆಯ ಹತ್ತಿರ ಇಟ್ಟುಕೊಂಡೆ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದಾಗ ಬಿಸಿಲು ನೆತ್ತಿಗೇರಿತ್ತು. ಬಟ್ಟೆ ವ್ಯಾಪಾರದ ಸಾಬರ ಮನೆ. ನನ್ನ ವಯಸ್ಸಿನ ಹೆಂಗಸು, ‘ಬರ್ರಿ ಅಕ್ಕ, ಕೂಡ್ರಿ’ ಅಂತ ಮೊದಲು ಪಾನಕ ಕೊಟ್ಟು ಆಮೇಲೆ ಕ್ಯಾಮೆರಾ ತಂದರು. ಅದರ ಮೈಮೇಲಿನ ರಬ್ಬರು ಕರಗಿ ಹಲಸಿನ ಮೇಣದ ಹಾಗೆ ಕೈಗೆ ಅಂಟುತ್ತಿತ್ತು. ಪಕ್ಕದ ಪರದೆಯ ಕೀಲು ಸಡಿಲಾಗಿ ಜೋತುಬಿದ್ದಿತ್ತು.

‘ನಮ್ಮಣ್ಣ ಸೌದಿಯಿಂದ ತಂದಿದ್ದು. ನಾಕು ಮದುವೆ ನೋಡಿರಬೇಕು, ಅಷ್ಟೆ’ ಅಂದರು. ‘ಮಾರಿ ಚಂದಿಲ್ಲ. ಆದ್ರೆ ಯಾರನ್ನೂ ಕಚ್ಚಿಲ್ಲ.’

ಹಸುವಿನ ಟೇಪು ಹಾಕಿ, ಕೆಂಪು ಬಿಳಿ ಹಳದಿ ವೈರುಗಳನ್ನು ಟೀವಿಗೆ ಚುಚ್ಚಿದರು. ಹಸು ಬಂತು. ಇಡೀ ಹಸು. ಕೊಂಬು ಕೊಂಬಿನ ಜಾಗದಲ್ಲಿ, ಬಾಲ ಬಾಲದ ಜಾಗದಲ್ಲಿ. ಒಳಗಿನಿಂದ ಅವರ ಅತ್ತೆ ತಸ್ಬಿಯ ಮಣಿ ಎಣಿಸುತ್ತಲೇ ಬಂದು ಕೂತರು.

‘ಯಾರ ಮನೇದು?’

‘ನ್ಯಾಮತಿಯವರದು, ಅಮ್ಮ. ನಂಗೂ ಅಷ್ಟು ಗುರುತಿಲ್ಲ’ ಅಂದೆ.

‘ಹೋಗೇ, ಹೋಗೇ ಒಳಗೆ! ಹುಲ್ಲು ತೋರಿಸ್ರೋ ಅದಕ್ಕೆ, ಬರೀ ತಳ್ಳಿದ್ರೆ ಹೋಗತೈತಾ?’ ಅಂತ ಮುದುಕಿ ಟೀವಿಗೆ ಬೈದರು. ಹಸು ಒಳಗೆ ಕಾಲಿಟ್ಟಾಗ ನಾವು ಮೂವರೂ ನಮ್ಮ ಮನೆಗೇ ಬಂತೇನೋ ಅನ್ನುವ ಹಾಗೆ ಉಸಿರು ಬಿಟ್ಟೆವು. ಅದರ ಹಿಂದೆ ಆರತಿ ತಟ್ಟೆ ಹಿಡಿದ ತೆಳ್ಳನೆಯ ಹೆಣ್ಣುಮಗಳು ಬಂದಳು, ಕ್ಯಾಮೆರಾ ಕಂಡು ನಾಚಿ ಸೆರಗು ಕಚ್ಚಿದಳು. ನಾನು ಕೂಡಲೇ ನ್ಯಾಮತಿಗೆ ಫೋನು ಮಾಡಿದೆ.

‘ಹಸು ಒಳಗೆ ಹೋಯ್ತು ರೀ.’

‘ಅವಳು ಕಾಣ್ತಾಳಾ?’

‘ಚೆನ್ನಾಗಿ ಕಾಣ್ತಾರೆ. ಕ್ಯಾಮೆರಾ ಸಮೇತ ನಿಮ್ಮಲ್ಲಿಗೇ ಬರ್ತೀನಿ, ನೋಡೀರಂತೆ.’

ಜಗಳೂರಿನಾಕೆ ದುಡ್ಡು ತಗೊಂಡು ಕ್ಯಾಮೆರಾ ಜೊತೆಗೆ ಒಂದು ಖಾಲಿ ಟೇಪನ್ನೂ ಕೊಟ್ಟರು. ಟೇಪಿನ ಬೆನ್ನಿಗಿರುವ ಸಣ್ಣ ಚಿಲಕ ತೋರಿಸಿ, ಇದನ್ನು ಈ ಕಡೆ ಸರಿಸಿದರೆ ಮೇಲೆ ಬೇರೇನೂ ತುಂಬಿಕೊಳ್ಳುವುದಿಲ್ಲ, ಆ ಕಡೆ ಸರಿಸಿದರೆ ಹಳೆಯದು ಅಳಿಸಿ ಹೊಸದು ಕೂರುತ್ತದೆ ಅಂದರು. ಅತ್ತೆಯ ಎದುರಿಗೇ ಹಾಕಬೇಕು ಅಂತ ನನ್ನ ಟೇಪನ್ನು ಅಲ್ಲಿ ಹಾಕದೆ, ಚಿಲಕ ಮಾತ್ರ ಸರಿಸಿದೆ. ದಾವಣಗೆರೆ ಮುಟ್ಟುವಷ್ಟರಲ್ಲಿ ಈ ಕಡೆ ಅಂದರೆ ಯಾವ ಕಡೆ ಅನ್ನುವುದು ಮರೆತೇಹೋಯಿತು.

ಮನೆಯಲ್ಲಿ ಅತ್ತೆ ಕುಂಕುಮದ ಬಟ್ಟಲು ಹಿಡಿದು ಕಾಯುತ್ತಿದ್ದಳು. ಹೊಸ ವಸ್ತು ಬಂದರೆ ಇಡಬೇಡವೆ? ನಾನು ಕ್ಯಾಮೆರಾವನ್ನು ಎದೆಗವಚಿಕೊಂಡು, ‘ಇದಕ್ಕೆ ಬ್ಯಾಡತ್ತೆ, ಚೀಲಕ್ಕೆ ಇಡು!’ ಅಂತ ಕೂಗಿದೆ. ಅವಳು ನನ್ನನ್ನು ಮತಿಗೆಟ್ಟವಳ ಹಾಗೆ ನೋಡಿ ಚೀಲಕ್ಕಿಟ್ಟಳು. ಉಳಿದದ್ದನ್ನು ನನ್ನ ಹಣೆಗೊತ್ತಿದಳು.

ನಮ್ಮನೆಯವರು ಮೊಬೈಲನ್ನು ಟೀವಿಯ ಮುಂದೆ ಹಿಡಿದು, ಬಂದದ್ದನ್ನೆಲ್ಲ ಅದರಲ್ಲಿ ತುಂಬಿಕೊಳ್ಳಲು ನಿಂತರು. ಟೇಪು ಹಾಕಿದೆ. ಬಾಗಿಲು ತಾನಾಗಿ ಒಳಸರಿದು ಮುಚ್ಚಿಕೊಂಡಿತು. ಗುರ್ ಅಂತ ಸಣ್ಣ ಸದ್ದು. ಮಷೀನಿನ ಸದ್ದು ಕೇಳಿ ಕಾಯಿಲೆ ಹೇಳುವ ನನಗೆ ಇದರ ಸದ್ದು ಆರೋಗ್ಯದ್ದೋ ಹಸಿವಿನದೋ ತಿಳಿಯಲಿಲ್ಲ. ಆಮೇಲೆ ಪಂಕ್ತಿ ಕಂಡಿತು. ಬಾಳೆ ಎಲೆ ಕಂಡಿತು. ಅದರ ಮೇಲೆ ದನಿ ಬಂತು.

ಬೀಗರು ಬಂದರು ನೋಡಿರೆ, ಬೀಸಣಿಗೆ ಬೇಡಿದರು ನೋಡಿರೆ,
ಬೀಸಲು ಹೋದರೆ ಮೀಸೆಯು ಹಾರಿ ಆಚೆಯ ಊರಿಗೆ ಬಿತ್ತಲ್ಲೆ!

ಪಂಕ್ತಿಯಲ್ಲಿ ನಗೆ ಎದ್ದಿತು. ಆ ದನಿಯಲ್ಲಿ ಎಷ್ಟು ಪುಂಡತನವಿತ್ತು ಅನ್ನುವುದು ನನಗೇ ಮರೆತಿತ್ತು. ಪಕ್ಕಕ್ಕೆ ತಿರುಗಿ ನೋಡಿದೆ. ಅತ್ತೆ ಅಳುತ್ತಿರಲಿಲ್ಲ. ಕತ್ತು ಒಂದು ಕಡೆ ವಾಲಿಸಿ, ಬೇರೆ ಊರಿನ ಹಾಡುಗಾರ್ತಿಯನ್ನು ಪರೀಕ್ಷೆ ಮಾಡುವವಳ ಹಾಗೆ ಕೇಳುತ್ತಿದ್ದಳು. ಒಂದು ಕಡೆ ಹುಬ್ಬು ಗಂಟಿಕ್ಕಿದಳು, ಅಲ್ಲಿ ಉಸಿರು ಸಾಲದೆ ಪದ ನುಂಗಿದ್ದಳಂತೆ. ಬೀಗತಿಯ ಸರದಿ ಬಂತು. ‘ಬೀಗತಿ ನೋಡಿರೆ ಬಿಂಕದವಳು...’ ಅಷ್ಟರಲ್ಲಿ ಚಿತ್ರ ಚೌಕವಾಯಿತು. ಟಕ್ ಟಕ್. ಕಡೆಯ ನುಡಿ ಬರಲೇ ಇಲ್ಲ. ಹಿಂದಕ್ಕೆ ತಿರುಗಿಸಿ ಹಾಕಿದರೂ ಅಲ್ಲಿಗೇ ಒಡೆಯಿತು. ನಿಧಾನ ಓಡಿಸಿ ತೆಗೆದದ್ದೋ, ಟ್ರಂಕಿನ ಶೀತವೋ, ಜಗಳೂರಿನದೂ ಕೈಕೊಟ್ಟಿತೋ, ನ್ಯಾಮತಿಯದರಲ್ಲಿ ಬರುತ್ತಿತ್ತೋ? ನನಗೆ ಇವತ್ತಿಗೂ ಗೊತ್ತಿಲ್ಲ.

‘ಬಿಡೇ, ಇಷ್ಟಾದ್ರೂ ಸಿಕ್ತಲ್ಲ’ ಅಂದರು ನಮ್ಮನೆಯವರು.

ಅತ್ತೆ ಬಿಡಲಿಲ್ಲ. ಚಮಚ ಎತ್ತಿ ಲೋಟಕ್ಕೆ ತಾಳ ಹಾಕತೊಡಗಿದಳು. ಇದು ಕಾಫಿಯದಲ್ಲ, ಬೈಗುಳದ್ದೂ ಅಲ್ಲ. ತುಟಿ ಆಡಿಸುತ್ತಾ ಉಳಿದ ನುಡಿಯನ್ನು ಹೇಳುತ್ತಿದ್ದಳು, ನನ್ನ ಮುಖ ನೋಡಿಕೊಂಡು. ನಾನು ಅವಳ ತುಟಿ ನೋಡಿ ಹಾಡಿದೆ. ‘ಬೀಗತಿ ನೋಡಿರೆ ಬಿಂಕದವಳು, ಬುಟ್ಟಿಯ ಹೋಳಿಗೆ...’ ಅಲ್ಲ ಅಂತ ತಲೆಯಾಡಿಸಿದಳು. ‘ಬುಗುಡಿಯ ಹೇಳಿಕೆ?’ ಅದೂ ಅಲ್ಲ, ತೊಡೆ ತಟ್ಟಿಕೊಂಡು ಸದ್ದಿಲ್ಲದೆ ನಕ್ಕಳು. ಆಮೇಲೆ ಕ್ಯಾಮೆರಾದ ಕಡೆ ಬೆರಳು ತೋರಿಸಿದಳು.

ಹಳೆಯ ಟೇಪು ತೆಗೆದು ಡಬ್ಬಿಯಲ್ಲಿಟ್ಟೆ. ಖಾಲಿಯದು ಅದೇ ಹೌದೋ ಅಂತ ಮತ್ತೆ ಮತ್ತೆ ನೋಡಿ ಹಾಕಿದೆ. ಅತ್ತೆ ಅಂಟಂಟು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿಸಿದಳು, ನಾನು ತೋರಿಸಿದ ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು.

‘ಅತ್ತೇರೇ, ಮುಂದಿನ ಮುಚ್ಚಳ ತೆಗೀರಿ, ಅವಳು ಕಾಣಲ್ಲ!’ ಅಂದರು ನಮ್ಮನೆಯವರು.

ಅತ್ತೆ ಅವರನ್ನು ಚಮಚದಿಂದಲೇ ಸುಮ್ಮನಿರಿಸಿದಳು. ನನ್ನ ಮುಖ ತೋರಿಸಿ ಕೈಯಾಡಿಸಿದಳು, ಅದು ಬೇಡ. ತನ್ನ ಗಂಟಲು ಮುಟ್ಟಿಕೊಂಡಳು. ನನ್ನ ಗಂಟಲು ತೋರಿಸಿದಳು. ಆಮೇಲೆ ಲೋಟಕ್ಕೆ ಮೊದಲ ಪೆಟ್ಟು ಹಾಕಿ, ನಾನು ಯಾವ ಪದ ತಪ್ಪುತ್ತೇನೋ ಅಂತ ಕಾಯುತ್ತಾ ಕೂತಳು.