ಕರಿನಾಲಿಗೆಯ ಸೈಕಲ್ ಶಾಪಿನವರು

ಬಲಗೈಯ ಎರಡು ಬೆರಳ ತುದಿಯಲ್ಲಿ ಅವರಿಗೆ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ತಿರುಗುವ ಸೈಕಲ್ ಚಕ್ರದ ರಿಮ್ಮಿಗೆ ಒತ್ತಿ ಹಿಡಿದು ಸವೆದು, ಅರಗು ಹಚ್ಚಿದ ಚನ್ನಪಟ್ಟಣದ ಗೊಂಬೆಯಂತೆ ನುಣ್ಣಗೆ ಹೊಳೆಯುತ್ತಿದ್ದವು. ರೇಷನ್ ಅಂಗಡಿಯ ಬೆರಳಚ್ಚಿನ ಮೆಷಿನ್ ಅವನ್ನು ಒಪ್ಪುತ್ತಿರಲಿಲ್ಲ. “ನಾನು ನಾನೇ ಹೌದೋ ಅಲ್ವೋ ಅಂತ ಅದ್ಕೇ ಅನುಮಾನ ಮೇಡಮ್ಮೋರೆ” ಎಂದು ನಗುತ್ತಿದ್ದರು.

ರಾಮನಗರದಲ್ಲಿ ನಮ್ಮ ಗೇಟಿನ ಎದುರಿಗೇ ಅವರ ಸೈಕಲ್ ಶಾಪು. ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಟೀಚರ್ ಆದ ನಾನು ರಿಟೈರ್ ಆಗುವವರೆಗೂ ಲೇಡೀಸ್ ಸೈಕಲ್ಲಿನಲ್ಲೇ ಓಡಾಡಿದವಳು. ನನ್ನ ಸೈಕಲ್ಲಿಗೆ ಅವರ ಕೈ ಬಿಟ್ಟು ಇನ್ನೊಬ್ಬರ ಕೈ ಬಿದ್ದದ್ದಿಲ್ಲ. ರಿಪೇರಿಯಾದ ಮೇಲೆ ಸುಮ್ಮನೆ ಕೊಡುತ್ತಿರಲಿಲ್ಲ. ಚಕ್ರ ತಿರುಗಿಸಿ, ಕಣ್ಣು ಮುಚ್ಚಿ, ಮೆಲ್ಲಗೆ ಬ್ರೇಕ್ ಹಿಡಿದು ರಬ್ಬರು ರಿಮ್ಮಿಗೆ ಉಜ್ಜುವ ಸದ್ದು ಕೇಳುತ್ತಿದ್ದರು. ಅದಕ್ಕೆ ಅವರು “ಉಸ್ರು” ಅನ್ನುತ್ತಿದ್ದರು. ಪ್ರತಿ ಸಲವೂ ಒಂದೇ ಎಚ್ಚರಿಕೆ: “ಎಲ್ಲಿಗಾದ್ರೂ ಎಣ್ಣೆ ಬುಡಿ, ರಿಮ್ಮಿಗೆ ಮಾತ್ರ ಒಂದು ತೊಟ್ಟೂ ತಾಕುಸ್ಬ್ಯಾಡಿ.”

ಅವರ ಕಿವಿಗೆ ಕೇಳುತ್ತಿದ್ದದ್ದು ಬರೀ ಬ್ರೇಕಿನ ಸದ್ದೋ, ಬೇರೆ ಏನಾದರೂ ಇತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಮ್ಮೆ ರಸ್ತೆಗೆ ಬೆನ್ನು ಹಾಕಿ ಪಂಕ್ಚರ್ ಹಾಕುತ್ತಿದ್ದವರು, ಹಿಂದೆ ಸೈಕಲ್ಲಿನಲ್ಲಿ ಹಾದುಹೋದ ಹಾಲಿನವನಿಗೆ ತಿರುಗಿಯೂ ನೋಡದೆ, “ನಾಳೀಕೆ ಗಾಡಿ ತಗೀಬ್ಯಾಡ ಕಣ್ಲಾ” ಎಂದರು. ಮರುದಿನ ಬೆಳಿಗ್ಗೆ ಆತನ ಕ್ಯಾನುಗಳು ರಸ್ತೆಯುದ್ದ ಉರುಳಿದ್ದವು. ಆತನಿಗೆ ಮೊಣಕಾಲಿನ ಚಿಪ್ಪು ಹೋಗಿತ್ತು. ರೇಷ್ಮೆ ನೂಲು ತೆಗೆಯುವ ಒಬ್ಬ ಹೆಂಗಸಿಗೆ ಹೇಳಿದ್ದೂ ಹಾಗೇ ಆಯಿತು. ಆಮೇಲೆ ಜನ ಅವರದು ಕರಿನಾಲಿಗೆ ಅಂದರು. ಅವರ ಅಂಗಡಿಯ ಮುಂದೆ ಬರುವಾಗ ಕೆಲವರು ಇಳಿದು, ಸದ್ದೇ ಬಾರದ ಹಾಗೆ ಸೈಕಲ್ಲನ್ನು ಎತ್ತಿಕೊಂಡು ದಾಟುತ್ತಿದ್ದರು. ಹಾಡಹಗಲಲ್ಲಿ, ಬೀದಿಯ ನಡುವೆ, ಮಾತಿಲ್ಲದೆ ಸೈಕಲ್ ಹೊತ್ತು ಹೋಗುವ ಜನ! ನಾನು ಗೇಟಿನಲ್ಲಿ ನಿಂತು “ಹೌ ಸಿಲ್ಲಿ” ಎಂದು ನಗುತ್ತಿದ್ದೆ.

ಅವರು ಹೇಳುವುದನ್ನೇ ನಿಲ್ಲಿಸಿಬಿಟ್ಟರು. ಯಾವ ಸೈಕಲ್ಲಿನ ಮೇಲಾದರೂ ಅನುಮಾನ ಬಂದರೆ ಬಾಯಿ ಬಿಡದೆ ಎದ್ದು ಹೋಗಿ, ಉಗುರಿನಿಂದ ವಾಲ್ವ್ ಒತ್ತಿ ಗಾಳಿ ಬಿಟ್ಟು ಬರುತ್ತಿದ್ದರು. ಅಷ್ಟೇ.

ನಮ್ಮವರು ಬಿಡದಿಯ ಫ್ಯಾಕ್ಟರಿಯಿಂದ ರಿಟೈರ್ ಆದವರು, ಹೆಲ್ತ್ ಹೆಲ್ತ್ ಎಂದು ಡಿಸ್ಕ್ ಬ್ರೇಕಿನ ಸೈಕಲ್ ಕೊಂಡರು. ಮೊದಲು ತೋರಿಸಿದ್ದು ಎದುರು ಶಾಪಿಗೇ.

“ನೋಡ್ರೀ ಇದನ್ನ. ನಿಮ್ಮ ಬ್ರೇಕ್ ರಬ್ಬರಿನ ಕಾಲ ಮುಗೀತು” ಎಂದು ರೇಗಿಸಿದರು.

ಶಾಪಿನವರು ಚಕ್ರದ ನಡುವಿನ ಉಕ್ಕಿನ ತಟ್ಟೆಯನ್ನು ಬಹಳ ಹೊತ್ತು ನೋಡಿದರು. “ಮಳೇಲಿ ಇದೇ ಮೇಲು ಬುಡಿ ಸಾಮಿ, ಸುಳ್ಯಾಕೆ ಹೇಳಾನೆ? ರಿಮ್ಮು ನೆಂದ್ರೆ ಜಾರ್ತೈತೆ, ಇದು ಜಾರಾಕಿಲ್ಲ. ಆದ್ರೆ ರಿಮ್ಮಿನ ಬ್ರೇಕು ಸಾಯೋದು ಕಣ್ಣಿಗೆ ಕಾಣ್ತೈತೆ. ಇದು ಒಳಗೊಳಗೇ ಸಾಯ್ತೈತೆ.”

“ಮಾರ್ನಿಂಗ್ ಮಾರ್ನಿಂಗೇ ಎಂಥಾ ಮಾತು!” ಎಂದು ನಾನು ಮುಖ ಗಂಟಿಕ್ಕಿದೆ.

ಆ ವರ್ಷದ ಆಯುಧಪೂಜೆ. ನಮ್ಮ ಮನೆಯಲ್ಲಿ ಈಳಿಗೆಮಣೆಯಿಂದ ಹೊಲಿಗೆ ಮೆಷಿನ್ನಿನವರೆಗೆ ಎಲ್ಲವನ್ನೂ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಒರೆಸಿ ಮಿಂಚಿಸಿ, ಆಮೇಲೆ ಕುಂಕುಮ, ಚೆಂಡುಹೂವು. ಹೊಸ ಸೈಕಲ್ಲನ್ನೂ ಹಾಗೇ ಒರೆಸಿದೆ. ಅಷ್ಟು ವರ್ಷದ ಪಾಠ ಮರೆಯಲಿಲ್ಲ: ರಿಮ್ಮಿಗೆ ಒಂದು ಹನಿ ತಾಕಿಸಲಿಲ್ಲ. ಎರಡೂ ಚಕ್ರದ ನಡುವಿನ ತಟ್ಟೆಯನ್ನು ಮಾತ್ರ ದೇವರ ಮನೆಯ ಹರಿವಾಣದ ಹಾಗೆ ಎರಡೂ ಕಡೆ ತಿಕ್ಕಿ ತಿಕ್ಕಿ ಹೊಳೆಸಿದೆ.

ಮರುದಿನ ವಿಜಯದಶಮಿ. ನಮ್ಮವರು ಕೈಲಾಂಚದ ಕಡೆ ಹೊರಡಲು ಸೈಕಲ್ ಹೊರಗೆ ತಂದರು. ಎದುರಿನಿಂದ ಅವರು ಎದ್ದು ಬಂದರು. ಹಿಂದೆಂದೂ ನಮ್ಮ ಗೇಟಿನ ಒಳಗೆ ಕಾಲಿಟ್ಟವರಲ್ಲ. ನೇರ ಬಂದು ಬಗ್ಗಿ, ಒಂದಾದ ಮೇಲೊಂದು ಎರಡೂ ಚಕ್ರದ ಗಾಳಿ ಬಿಟ್ಟರು.

“ಏನ್ರೀ ಇದು, ಹಬ್ಬದ ದಿನ!” ಎಂದರು ನಮ್ಮವರು.

“ಹ್ಯಾವ್ ಯು ಗಾನ್ ಮ್ಯಾಡ್?” ಎಂದು ನಾನು ಕೂಗಿದೆ.

ಅವರು ನನ್ನತ್ತ ತಿರುಗಿದರು. “ಇವತ್ತು ಬ್ಯಾಡಿ ಮೇಡಮ್ಮೋರೆ. ಇದಕ್ಕೆ ಉಸ್ರಿಲ್ಲ.”

ಅವರು ಬ್ರೇಕ್ ಹಿಡಿದು ನೋಡಿರಲಿಲ್ಲ. ಸೈಕಲ್ ಇನ್ನೂ ಗೇಟೂ ದಾಟಿರಲಿಲ್ಲ.

ನಮ್ಮವರು ನಗುತ್ತ ಮನೆಯ ಪಂಪಿನಿಂದ ಗಾಳಿ ತುಂಬಿಕೊಂಡು ಹೋದರು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ಮಾತು ಕೇಳದ ಹಾಗೆ ತಿರುಗುತ್ತಲೇ ಹೋಯಿತಂತೆ. ಎದುರಿಗೆ ಬಂದ ವ್ಯಾನ್ ತಪ್ಪಿಸಲು ಹಿಪ್ಪುನೇರಳೆ ತೋಟಕ್ಕೆ ನುಗ್ಗಿಸಿದರು. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಗೆ ನೋಡಲು ಬಂದ ನಮ್ಮ ಬೀದಿಯವರ ಎದುರಿಗೆ ನಾನು ಹೇಳಿದೆ: “ಎಲ್ಲಾ ಆ ಮನುಷ್ಯನ ನಾಲಿಗೆ. ಅವನು ಅಂದ, ಇವರು ಬಿದ್ದರು.” ಅಷ್ಟಕ್ಕೇ ನಿಲ್ಲಲಿಲ್ಲ. ಗಾಳಿ ಬಿಡುವ ನೆಪದಲ್ಲಿ ಬಗ್ಗಿ ಬ್ರೇಕಿಗೆ ಕೈ ಹಾಕಿರಬೇಕು ಎಂದೂ ಅಂದೆ. ಅನಕ್ಷರಸ್ಥರು ಹೇಳಿದ್ದರೆ ಅರ್ಧ ನಂಬುತ್ತಿದ್ದರೇನೋ. ಹೇಳಿದ್ದು ಕಾನ್ವೆಂಟ್ ಟೀಚರ್! ಒಂದೇ ತಿಂಗಳಲ್ಲಿ ಶಾಪಿಗೆ ಬರುವವರೇ ಇಲ್ಲವಾದರು. ಅವರು ಮಾತ್ರ ದಿನಾ ಬಾಗಿಲು ತೆಗೆದು, ಖಾಲಿ ಸ್ಟ್ಯಾಂಡಿನ ಮುಂದೆ ಕೂರುತ್ತಿದ್ದರು. ನಾನು ನಮ್ಮ ಕಿಟಕಿಯ ಕರ್ಟನ್ ಎಳೆದುಬಿಟ್ಟೆ.

ಬೇಸಿಗೆಯಲ್ಲಿ ಆ ಸೈಕಲ್ ಮಾರಲು ಹೊರಟಾಗ, ಬೆಂಗಳೂರಿನಿಂದ ನೋಡಲು ಬಂದ ಮೆಕ್ಯಾನಿಕ್ ಬ್ರೇಕ್ ಬಿಚ್ಚಿ ಮೂಗಿನ ಹತ್ತಿರ ಹಿಡಿದ. “ಆಂಟಿ, ಡಿಸ್ಕ್‌ಗೆ ಎಣ್ಣೆ ಹಚ್ಚಿದ್ದು ಯಾರು? ಬ್ರೇಕ್ ಪ್ಯಾಡೆಲ್ಲಾ ಎಣ್ಣೆ ಕುಡಿದುಬಿಟ್ಟಿದೆ. ಇದು ಹ್ಯಾಗೆ ಹಿಡಿಯುತ್ತೆ?”

ನನ್ನ ಕೈಯನ್ನು ನಾನೇ ನೋಡಿಕೊಂಡೆ.

ರಸ್ತೆ ದಾಟಿ ಅವರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಬೆರಗಾಗಲಿಲ್ಲ.

“ಬಿದ್ ಸೈಕಲ್ ತಂದು ನಿಮ್ ಗೇಟಿಗೆ ಒರಗ್ಸಿದ್ರಲ್ಲ, ಅವತ್ತೇ ಕೊಬ್ರಿ ಎಣ್ಣೆ ವಾಸ್ನೆ ಬಂತು.”

“ಮತ್ತೆ ಯಾಕೆ ಹೇಳಲಿಲ್ಲ? ಇಡೀ ಬೀದಿ ನಿಮ್ಮನ್ನು ಬೈಯುತ್ತಿತ್ತಲ್ಲ!”

“ಯಜಮಾನ್ರು ಮಂಚ ಹಿಡ್ದಿದ್ರು. ಅದರ ಮ್ಯಾಕೆ ಇದ್ನೂ ನಿಮ್ ತಲೆ ಮ್ಯಾಲೆ ಯಾಕೆ ಹೊರ್ಸಾನೆ ಅಂದ್ಕಂಡೆ. ನನ್ ನಾಲ್ಗೆ ಹೆಂಗೂ ಕರೀದಾಗೋಗಿತ್ತು. ಇನ್ನೊಸಿ ಕರೀದಾದ್ರೆ ಏನಾಯ್ತದೆ?”

“ಆದರೆ ಅವತ್ತು ಬೆಳಿಗ್ಗೆ? ಅಷ್ಟು ದೂರದಿಂದ ನಿಮಗೆ ಹೇಗೆ ಗೊತ್ತಾಯಿತು?”

ಅವರು ತಮ್ಮ ನುಣುಪು ಬೆರಳುಗಳನ್ನು ಪಂಚೆಗೆ ಒರೆಸಿಕೊಂಡರು. “ಅದು ನಂಗೂ ಗೊತ್ತಿಲ್ಲ ಕಣವ್ವಾ. ಗೊತ್ತಾಗ್ದೇ ಇದ್ದಿದ್ರೆ ಎಷ್ಟೋ ಸುಖವಾಗಿರ್ತಿದ್ದೆ.” ಅಷ್ಟು ವರ್ಷದಲ್ಲಿ ಅವರು ನನ್ನನ್ನು ಅವ್ವಾ ಎಂದದ್ದು ಅದೊಂದೇ ಸಲ.

ಮನೆಮನೆಗೆ ಹೋಗಿ, ತಪ್ಪು ನನ್ನದು, ಎಣ್ಣೆ ಹಚ್ಚಿದವಳು ನಾನು ಎಂದೆ. ಎಲ್ಲರೂ ಕಾಫಿ ಕೊಟ್ಟರು. “ಪಾಪ, ನಿಮ್ಮದು ದೊಡ್ಡ ಮನಸ್ಸು ಮೇಡಂ” ಎಂದರು. ಒಬ್ಬರೂ ನಂಬಲಿಲ್ಲ. ಆ ಮಳೆಗಾಲದಲ್ಲೇ ಅವರು ಹೋಗಿಬಿಟ್ಟರು. ಶಾಪಿನ ಬಾಗಿಲು ತೆಗೆದೇ ಇತ್ತಂತೆ, ಕೂತಲ್ಲೇ ಹೋಗಿದ್ದರು. ನಮ್ಮ ಬೀದಿಯಿಂದ ಹೆಣ ನೋಡಲು ಹೋದದ್ದು ನಾವಿಬ್ಬರೇ, ನಾನು ಮತ್ತು ಕೋಲೂರಿಕೊಂಡು ನಮ್ಮವರು.

ಅವರ ಹೆಸರಿಗೆ ನಾನು ಬಳಿದ ಮಸಿ ತೊಳೆಯಲು ನನ್ನಿಂದ ಆಗಲಿಲ್ಲ. ಅದಕ್ಕೇ ಈಗ ಪ್ರತಿ ವರ್ಷ ಆಯುಧಪೂಜೆಯ ದಿನ ಗೇಟಿನಿಂದ ಗೇಟಿಗೆ ಹೋಗಿ, ಡಿಸ್ಕಿಗೆ ಎಣ್ಣೆ ಮುಟ್ಟಿಸಬೇಡಿ ಎಂದು ಹೇಳುತ್ತೇನೆ. ಹೋದ ವರ್ಷ ಒಬ್ಬ ಕಾಲೇಜು ಹುಡುಗಿ ನಕ್ಕಳು, ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ದಿನ ಬಿದ್ದು ಹಲ್ಲು ಮುರಿದುಕೊಂಡಳು. ಅಂದಿನಿಂದ ನಾನು ಬರುವುದು ಕಂಡರೆ ಬೀದಿಯಲ್ಲಿ ಮಾತು ನಿಲ್ಲುತ್ತದೆ.

ಈ ಸಲ ಮೂಲೆ ಮನೆಯ ಸೊಸೆ ನಾನು ಗೇಟು ತೆರೆಯುವ ಮೊದಲೇ ಕೈ ಮುಗಿದಳು. “ಆಂಟಿ, ಪ್ಲೀಸ್. ನಮ್ಮನೆ ಮುಂದೆ ಏನೂ ಅನ್ನಬೇಡಿ.” ಅವಳ ಹಿಂದೆ, ಹೂ ಮುಡಿದ ಸೈಕಲ್ಲಿನ ಡಿಸ್ಕ್ ಎಣ್ಣೆಯಲ್ಲಿ ಥಳಥಳ ಹೊಳೆಯುತ್ತಿತ್ತು.

ನಾನು ಗೇಟು ತೆರೆದು ಒಳಗೆ ಹೋದೆ. ಮೆಟ್ಟಿಲ ಮೇಲೆ ಕೂತು, ಬ್ಯಾಗಿನಿಂದ ಸ್ಪಿರಿಟ್ ಬಾಟಲಿ ತೆಗೆದು, ಬಟ್ಟೆ ಒದ್ದೆ ಮಾಡಿಕೊಂಡು ಡಿಸ್ಕಿನ ಎಣ್ಣೆ ಒರೆಸತೊಡಗಿದೆ. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.