ಎಡಗಣ್ಣಿನ ಚುಕ್ಕೆ

ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವನಲ್ಲ. ನಂಬಿದ್ದರೆ ನನ್ನ ಹೊಟ್ಟೆಪಾಡೇ ನಡೆಯುತ್ತಿರಲಿಲ್ಲ. ನವಲಗುಂದದ ಬಜಾರಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಲಗ್ನದ ಕೆಲಸ ಸೀಸನ್ನಿನಲ್ಲಿ ಮಾತ್ರ, ಸತ್ತವರ ಕೆಲಸ ವರ್ಷವಿಡೀ. ನಮ್ಮ ಕಡೆ ಹೆಣವನ್ನು ಗೋಡೆಗೆ ಆನಿಸಿ ಕೂಡ್ರಿಸಿ, ಹಾರ ಹಾಕಿ, ಮೊಬೈಲಿನಲ್ಲಿ ಒಂದು ಫೋಟೊ ಹೊಡೆಯುತ್ತಾರೆ. ಎಷ್ಟೋ ಮನೆಗಳಲ್ಲಿ ಗೋಡೆಗೆ ಹಾಕುವಂಥ ಫೋಟೊ ಅದೊಂದೇ. ಅದನ್ನು ತಂದು, “ಕಣ್ಣ ತಗಸಿ ಕೊಡ್ರಿ” ಎನ್ನುತ್ತಾರೆ. ಮುಚ್ಚಿದ ಕಣ್ಣನ್ನು ತೆರೆದಂತೆ ಮಾಡಿ ಕೊಡಿ ಎಂದರ್ಥ. ನಾನು ತೆಗೆಸಿ ಕೊಡುತ್ತಿದ್ದೆ. ಗಂಡಸರಿಗೆ ನನ್ನವೇ ಕಣ್ಣು, ಹೆಂಗಸರಿಗೆ ನನ್ನ ಹೆಂಡತಿಯವು. ತಾಲೂಕಿನ ಎಷ್ಟೋ ಗೋಡೆಗಳ ಮೇಲಿಂದ ನಾವಿಬ್ಬರೇ ನೋಡುತ್ತಿದ್ದೇವಲ್ಲ ಎಂದು ಒಳಗೊಳಗೇ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಮೂರು ವರ್ಷದ ಹಿಂದಿನ ಮಾತು. ನನ್ನ ಲ್ಯಾಪ್‌ಟಾಪಿನೊಳಗಿನ ಚಿತ್ರದ ಕೆಲಸ ನೋಡುವ ಗ್ರಾಫಿಕ್ಸ್ ಕಾರ್ಡು ದೊಡ್ಡ ಫೋಟೊ ಬಂದರೆ ಏದುಸಿರು ಬಿಡುತ್ತಿತ್ತು. ಅದಕ್ಕೇ ಹುಬ್ಬಳ್ಳಿಯಿಂದ ಹಳೆಯದೊಂದು ಎರಡನೇ ಕಾರ್ಡು ತಂದು, ಡಾಕ್ ಎಂಬ ಡಬ್ಬಿಯಲ್ಲಿ ಕೂಡ್ರಿಸಿ, ಒಂದು ವಾಯರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿದ್ದೆ. ಮಸುಕಾದ ಫೋಟೊ ಹಿಗ್ಗಿಸಿ ಸ್ವಚ್ಛ ಮಾಡುವುದು ಅದರ ಕೆಲಸ.

ಒಂದು ಮುಂಜಾನೆ ತಿರ್ಲಾಪುರದಿಂದ ಬಸವರಾಜ ಎಂಬ ತರುಣ ಬಂದ. ಅವನ ಮೊಬೈಲಿನಲ್ಲಿ ಬಿಳೇ ಬಟ್ಟೆ ಸುತ್ತಿದ ಹಸುಗೂಸಿತ್ತು. ಹೆರಿಗೆಯ ಆಪರೇಶನ್ ಆದಮೇಲೆ ಅವನ ಹೆಂಡತಿ ರೇಣುಕಾಳಿಗೆ ಎರಡು ದಿನ ಎಚ್ಚರವೇ ಇರಲಿಲ್ಲವಂತೆ. ಅಷ್ಟರೊಳಗೆ ಕೂಸು ಹೋಗಿ ಮಣ್ಣೂ ಆಗಿತ್ತು. ಹಡೆದವಳು ಅದರ ಮುಖ ಕಂಡಿರಲಿಲ್ಲ. ಕೊನೆಯ ಗಳಿಗೆಯವರೆಗೆ ತೊಡೆಯ ಮೇಲಿಟ್ಟುಕೊಂಡಿದ್ದವಳು ಬಸವರಾಜನ ತಾಯಿ ಗಂಗವ್ವ. ಕೂಸು ಒಮ್ಮೆಯೂ ಕಣ್ಣು ತೆರೆಯಲಿಲ್ಲ ಎಂದು ಆಕೆಯೇ ಎಲ್ಲರಿಗೂ ಹೇಳಿದ್ದಳು.

“ಮಕ್ಕೊಂಡಿದ್ದು ಬ್ಯಾಡಂತಾಳ್ರಿ, ಕಣ್ಣ ತಗದಿದ್ದ ಬೇಕಂತ,” ಎಂದ. “ಈ ಫೋಟೊ ನೋಡಿದಾಗಿಂದ ಊಟಾ ಬಿಟ್ಟಾಳ್ರಿ. ನಾಕಕ್ಕ ಅವ್ವನ್ನ, ಆಕಿನ್ನ ಇಬ್ಬರನ್ನೂ ಕರಕೊಂಡ ಬರ್ತೇನ್ರಿ. ಅಷ್ಟರಾಗ ಹೆಂಗರೆ ಮಾಡಿ ಕೊಡ್ರಿ.”

ಕೂಸಿಗೆ ನನ್ನ ಕಣ್ಣು ಹೊಂದುವುದಿಲ್ಲ. ನನ್ನ ಮಗಳು ಹಸುಗೂಸಾಗಿದ್ದಾಗಿನ ಫೋಟೊ ಹುಡುಕಿ, ಅವಳ ಕಣ್ಣು ಕತ್ತರಿಸಿ ಕೂಡ್ರಿಸಿದೆ. ಆಮೇಲೆ ಫೋಟೊವನ್ನು ಎರಡನೇ ಕಾರ್ಡಿಗೆ ಕೊಟ್ಟೆ. ಹಿಗ್ಗಿ ಬಂದ ಫೋಟೊದಲ್ಲಿ ಎಡಗಣ್ಣಿನ ಬಿಳಿಯ ಭಾಗದಲ್ಲಿ, ಮೂಗಿನ ಕಡೆಗೆ, ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ ಇತ್ತು.

ಕೆಟ್ಟ ಕಾರ್ಡು ಫೋಟೊದ ಮೇಲೆ ಚುಕ್ಕೆ ಎಬ್ಬಿಸುವುದು ಹೊಸದೇನಲ್ಲ. ಚುಕ್ಕೆ ಅಳಿಸಿ ಮತ್ತೆ ಕೊಟ್ಟೆ. ಮತ್ತೆ ಅಲ್ಲೇ ಬಂತು. ಸಿಟ್ಟು ಬಂದು ಡಬ್ಬಿಗೆ ಎರಡು ಬಡಿದೆ. ವಾಯರು ಬದಲಿಸಿದೆ, ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದೆ. ಎರಡೂ ಕಾರ್ಡು ಸರಿಯಾಗಿವೆ ಎಂದೇ ಲ್ಯಾಪ್‌ಟಾಪು ತೋರಿಸುತ್ತಿತ್ತು. ಡಾಕ್ ಬಿಚ್ಚಿಟ್ಟು ಬರೀ ಲ್ಯಾಪ್‌ಟಾಪಿನಲ್ಲಿ ಮಾಡಿದರೆ ಚುಕ್ಕೆ ಇಲ್ಲ. ಜೋಡಿಸಿದರೆ ಇದೆ. ಹಾಗಾದರೆ ದೋಷ ಎರಡನೇ ಕಾರ್ಡಿನದೇ ಎಂದು ಪರೀಕ್ಷೆಗೆ ಒಂದು ಲಗ್ನದ ಫೋಟೊ ಕೊಟ್ಟೆ. ಹಾಲಿನಷ್ಟು ಸ್ವಚ್ಛವಾಗಿ ಬಂತು. ಹತ್ತು ಬೇರೆ ಬೇರೆ ಮುಖ ಕೊಟ್ಟು ನೋಡಿದೆ. ಮಗಳ ಮೂಲ ಫೋಟೊವನ್ನೇ ಕೊಟ್ಟೆ. ಎಲ್ಲಿಯೂ ಇಲ್ಲ. ಈ ಕೂಸಿನ ಎಡಗಣ್ಣಿನಲ್ಲಿ ಮಾತ್ರ.

ಮಧ್ಯಾಹ್ನದ ಊಟ ತಪ್ಪಿತು. ಮೂರೂವರೆಗೆ ಸೋತು, ಡಾಕ್ ಬಿಚ್ಚಿ, ಲ್ಯಾಪ್‌ಟಾಪಿನಲ್ಲಿ ಬಂದ ಚುಕ್ಕೆಯಿಲ್ಲದ ಫೋಟೊವನ್ನೇ ಪ್ರಿಂಟ್ ತೆಗೆದು, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿಟ್ಟೆ. ಚುಕ್ಕೆಯ ವಿಷಯ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ನಾಲ್ಕಕ್ಕೆ ಮೂವರೂ ಬಂದರು. ರೇಣುಕಾ ಬಾಣಂತಿ, ತಲೆಗೆ ಅರಿವೆ ಕಟ್ಟಿಕೊಂಡು ಕುರ್ಚಿಯ ಅಂಚಿಗೆ ಕೂತಳು. ಪ್ರಿಂಟು ಮೊದಲು ಗಂಗವ್ವನ ಕೈಗೆ ಹೋಯಿತು. ಆಕೆ ಬಹಳ ಹೊತ್ತು ನೋಡಿದಳು. ಆಮೇಲೆ ತನ್ನಷ್ಟಕ್ಕೇ ಎಂಬಂತೆ ಅಂದಳು:

“ಎಲ್ಲಾ ಬರೊಬರಿ ಐತ್ರಿ. ಎಡಗಣ್ಣಾಗಿನ ಚುಕ್ಕಿ ಒಂದ ಬಂದಿಲ್ಲ.”

ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರೇಣುಕಾ ನಿಧಾನವಾಗಿ ಅತ್ತೆಯ ಕಡೆ ತಿರುಗಿದಳು.

“ಯಾವ ಚುಕ್ಕಿ, ಅತ್ತಿ?”

ಗಂಗವ್ವ ನೆಲಕ್ಕೆ ಕುಸಿದು ಕೂತಳು. “ಒಮ್ಮಿ ತಗದಿತ್ತ ಯವ್ವಾ. ಹೋಗೂಕಿಂತ ಮೊದಲ ಒಮ್ಮಿ ಕಣ್ಣ ತಗದು ನೋಡಿತ್ತು. ಕೇಳಿದ್ರ ನಿನ್ನ ಸಂಕಟ ಹೆಚ್ಚಾಕ್ಕೈತಂತ ಹೇಳಲಿಲ್ಲ.”

ನಾನು ಮುಚ್ಚಳ ತೆರೆದು ಚುಕ್ಕೆಯಿದ್ದ ಫೋಟೊ ತೋರಿಸಿದೆ. ಗಂಗವ್ವ ಪರದೆಗೆ ಕೈಮುಗಿದಳು. ಇದು ನಿಮಗೆ ಹೇಗೆ ಗೊತ್ತಾಯಿತು ಎಂದು ಬಸವರಾಜ ಕೇಳಿದ. ನಾನು ಚುಕ್ಕೆಯಿದ್ದ ಆ ಫೋಟೊವನ್ನೇ ಪ್ರಿಂಟ್ ತೆಗೆದು ಕೊಟ್ಟೆ. ರೇಣುಕಾ ಆ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿ, ಅಳದೆ ಕೇಳಿದಳು: “ಯಾರನ್ನ ನೋಡ್ತು?”

“ನನ್ನ ನೋಡ್ತವ್ವಾ,” ಎಂದಳು ಗಂಗವ್ವ. “ನನ್ನ ನೀನ ಅಂತ ತಿಳಕೊಂಡ ನೋಡ್ತು.”

ಆಗ ರೇಣುಕಾ ಅತ್ತಳು. ಆ ಸದ್ದನ್ನು ಕೇಳಲಾರದೆ ನಾನು ಹೊರಗೆ ಹೋಗಿ ನಿಂತೆ. ಆ ರಾತ್ರಿ ಆಕೆ ಎರಡು ತುತ್ತು ಉಂಡಳು ಎಂದು ಬಸವರಾಜ ಮರುದಿನ ಫೋನು ಮಾಡಿ ಹೇಳಿದ.

ಅದೇ ವಾರ ಡಬ್ಬಿಯನ್ನು ಹುಬ್ಬಳ್ಳಿಯ ರಿಪೇರಿಯವನ ಹತ್ತಿರ ಒಯ್ದೆ. ಅವನು ಬಿಚ್ಚಿ ನೋಡಿ ನಕ್ಕ. “ಅಣ್ಣಾರ, ಕಾರ್ಡಿಗೆ ಕರೆಂಟ್ ಹೋಗೂ ಜಾಗಾನ ಸುಟ್ಟೈತ್ರಿ. ಇದು ಸತ್ತು ಭಾಳ ದಿನಾ ಆಗೈತಿ. ನಿಮ್ಮ ಕೆಲಸ ಎಲ್ಲಾ ಲ್ಯಾಪ್‌ಟಾಪ್ ಒಂದ ಮಾಡೈತಿ.” ಅವನು ತಪ್ಪಿರಬಹುದು. ಡಬ್ಬಿ ಆಮೇಲೆ ಸುಟ್ಟಿರಲೂಬಹುದು. ಹಾಗೆಂದುಕೊಂಡರೂ ಆ ಮುದುಕಿಯ ಮಾತಿಗೆ ಏನು ಹೇಳಲಿ? ಎಷ್ಟು ತಿರುವಿ ಹಾಕಿದರೂ ನನಗೆ ಬಗೆಹರಿದಿಲ್ಲ.

ಅಂದಿನಿಂದ ನಾನು ಯಾರ ಕಣ್ಣನ್ನೂ ತೆಗೆಸಿಲ್ಲ. ಚುಕ್ಕೆಯಿಲ್ಲದ ಆ ಮೊದಲ ಪ್ರಿಂಟನ್ನು ಅವರು ಒಯ್ಯಲಿಲ್ಲ. ಅದಿನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಸತ್ತ ಕೂಸಿನ ಮುಖದಲ್ಲಿ ನನ್ನ ಮಗಳ ಕಣ್ಣು. ಹರಿದು ಹಾಕಲು ಕೈ ಬರುವುದಿಲ್ಲ, ಮನೆಗೆ ಒಯ್ಯಲು ಧೈರ್ಯವಿಲ್ಲ.