ಜ್ವರ ಇಲ್ಲದವರ ಬೆರಳು

ಜಲಜಕ್ಕ ಯಾರನ್ನೇ ಕಂಡರೂ ಮೊದಲು ಅವರ ಎಡಗೈಯ ಉಂಗುರ ಬೆರಳನ್ನು ನೋಡುತ್ತಿದ್ದರು, ಆಮೇಲೆ ಮುಖವನ್ನು. ಮದುವೆ ಊಟದ ಪಂಕ್ತಿಯಲ್ಲಿ ಕೂತಿದ್ದರೂ ಅಷ್ಟೇ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದರೂ ಅಷ್ಟೇ. ಮೂವತ್ತು ವರ್ಷ ಗಂಗೊಳ್ಳಿಯ ಸುತ್ತಮುತ್ತ ಮಲೇರಿಯಾ ಪರೀಕ್ಷೆಗೆಂದು ಜನರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತದ ಹನಿ ತೆಗೆದುಕೊಂಡು ಹೋದವರು ಅವರು. 'ಹ್ವಾಯ್ ಶಂಕ್ರಣ್ಣ, ಬೆರಳ್ ಕೊಡಿ' ಎನ್ನುವುದೇ ಅವರು ನನಗೆ ಹೇಳುತ್ತಿದ್ದ ನಮಸ್ಕಾರ.

ಹಟ್ಟಿಯಂಗಡಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಕೈಯಲ್ಲಿ ಕೊಡೆ, ಹೆಗಲಿಗೆ ಕಂದು ಚೀಲ, ಚೀಲದಲ್ಲಿ ಗಾಜಿನ ಪಟ್ಟಿಗಳ ಮರದ ಪೆಟ್ಟಿಗೆ. ಮಧ್ಯಾಹ್ನದ ಮೇಲೆ ಆರೋಗ್ಯ ಕೇಂದ್ರದ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತರೆ ಕರೆದರೂ ಕೇಳಿಸುತ್ತಿರಲಿಲ್ಲ. ಒಣಗಲು ಇಟ್ಟ ರಕ್ತದ ಹನಿಗೆ ಇರುವೆ ಮುತ್ತುತ್ತದೆಂದು ತಟ್ಟೆಯ ಸ್ಟ್ಯಾಂಡಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಲ್ಲಿ ಇಟ್ಟಿದ್ದರು, ನಮ್ಮ ಮನೆಗಳಲ್ಲಿ ತಿಂಡಿಯ ಕಪಾಟಿಗೆ ಮಾಡುವ ಹಾಗೆ. ನಾನು ಒಮ್ಮೆ, 'ಊರಿಗೆಲ್ಲ ನೀರ್ ನಿಲ್ಸ್‌ಬೇಡಿ ಅಂಬ್ರಿ, ನಿಮ್ದೇ ಇಲ್ಲಿ ನಾಲ್ಕ್ ಕೆರೆ ಇತ್ತಲೆ' ಎಂದೆ. ಅವರು ತಲೆ ಎತ್ತದೆ, 'ನಾನ್ ದಿನಾ ಚೆಲ್ತೆ. ದಡದಲ್ಲಿ ಮಳೆನೀರ್ ತುಂಬ್ಕಂಡ್ ಮಲಗಿದ್ದ ನಿಮ್ಮ ಹಳೇ ದೋಣಿದ್ ಯಾರ್ ಚೆಲ್ಲುದ್?' ಎಂದರು. ಅದೇ ಸಂಜೆ ನಾನು ದೋಣಿ ಕವುಚಿ ಹಾಕಿಸಿದೆ.

ನನ್ನ ದೊಡ್ಡಪ್ಪನಿಗೆ ಅವರು ಹೇಳಿದ ಮಾತು ನಮ್ಮ ಕೇರಿಯಲ್ಲಿ ಈಗಲೂ ಓಡಾಡುತ್ತದೆ. ದೊಡ್ಡಪ್ಪ ಹರೆಯದಲ್ಲಿ ಮುಂಬಯಿಯ ಹೋಟೆಲಿನಲ್ಲಿದ್ದವರು, ಅಲ್ಲಿ ಮೂರು ಸಲ ಮಲೇರಿಯಾ ಉಂಡು ಎದ್ದವರು. ನನ್ನ ರಕ್ತ ಪಳಗಿದ್ದು, ಸೊಳ್ಳೆ ಕಚ್ಚಿದರೆ ಸೊಳ್ಳೆಯೇ ಸಾಯಬೇಕು ಎಂದು ಜಂಬ ಕೊಚ್ಚುತ್ತಿದ್ದರು, ಬೆರಳು ಮಾತ್ರ ಕೊಡುತ್ತಿರಲಿಲ್ಲ. ಜಲಜಕ್ಕ ಜಗಲಿಯ ಮೇಲೆ ಕೂತು, 'ದೊಡ್ಡಪ್ಪಯ್ಯ, ನೀವ್ ಹಿಂದೆ ಮೇಳದಲ್ಲಿ ಮದ್ದಳೆ ಬಾರ್ಸ್ತಿದ್ರಿ ಗಡ. ಇಗಳ್ ಒಂಚೂರ್ ಬಾರ್ಸಿ ಕಾಂಬ' ಎಂದರು. ದೊಡ್ಡಪ್ಪ ಮಣೆಯ ಮೇಲೆ ಬೆರಳಾಡಿಸಿದರು, ಪೆಟ್ಟು ಎಲ್ಲೆಲ್ಲೋ ಬಿತ್ತು. ಜಲಜಕ್ಕ, 'ರಕ್ತವೂ ಹಂಗೇ. ಮಲೇರಿಯಾ ಮತ್ತೆ ಮತ್ತೆ ಬಂದ್ರೆ ಒಳಗೆ ಕಾವಲ್ ಹುಟ್ಟತ್ತ್. ಪುಸ್ತಕದಲ್ಲಿ ಅದ್ಕೆ ಪ್ರತಿಕಾಯ ಅಂತ ಬರೀತ್ರ್. ವರ್ಷಗಟ್ಲೆ ಕೆಲ್ಸ ಇಲ್ದಿದ್ರೆ ಕಾವಲೂ ಕಡ್ಮೆ ಆತ್ತ್. ಬೆರಳ್ ಕೊಡಿ' ಎಂದರು. ದೊಡ್ಡಪ್ಪ ತೆಪ್ಪಗೆ ಬೆರಳು ಚಾಚಿದರು.

ನಾನೇನೂ ದೊಡ್ಡಪ್ಪನಿಗಿಂತ ಜಾಣನಲ್ಲ. ನನ್ನ ಬೋಟಿನಲ್ಲಿ ಬುಧರಾಮ ಎಂಬ ಅಡುಗೆಯವನಿದ್ದಾನೆ, ಜಾರ್ಖಂಡಿನ ಕಾಡು ಸೀಮೆಯವನು, ನಲವತ್ತರ ಹತ್ತಿರದ ವಯಸ್ಸು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಊರಿಗೆ ಹೋಗಿ, ಬೋಟು ಇಳಿಯುವ ಹೊತ್ತಿಗೆ ಬಂದುಬಿಡುತ್ತಾನೆ. ಒಂದು ವರ್ಷ ಜಲಜಕ್ಕ ಬಲೆ ರಾಶಿ ಹಾಕುವ ನಮ್ಮ ಚಪ್ಪರಕ್ಕೆ ಬಂದದ್ದು ನಾವು ಮೊದಲ ಸಲ ಕಡಲಿಗೆ ಇಳಿಯುವ ದಿನವೇ. ಊರಿಗೆ ಹೋಗಿ ಬಂದ ಕೆಲಸದವರೆಲ್ಲರ ಬೆರಳೂ ಬೇಕು ಎಂದರು. ಮೊದಲ ಕಡಲಿನ ದಿನ ಅಡುಗೆಯವನ ಕೈಯಲ್ಲಿ ರಕ್ತ ಕಾಣಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಜ್ವರದವನಾದರೆ ಸರಿ, ನಾಲ್ಕು ವರ್ಷದಲ್ಲಿ ಒಂದು ದಿನವೂ ಮಲಗದವನ ಬೆರಳು ಯಾಕೆ ಎಂದುಕೊಂಡು ನಾನು ಬುಧರಾಮನನ್ನು ಐಸ್ ತರಲು ಕಳಿಸಿಬಿಟ್ಟೆ. ಅವರಿಗೆ ಲೆಕ್ಕ ತಪ್ಪಲಿಲ್ಲ. 'ಒಬ್ರ್ ಕಮ್ಮಿ ಇದ್ರಲೆ?' ಎಂದರು. 'ಅವ್ನಿಗೆ ಎಂತ ಜ್ವರವೂ ಇಲ್ಲೆ ಅಕ್ಕ' ಎಂದೆ. 'ಜ್ವರ ಇದ್ದವ್ರ್ ತಾವೇ ಹುಡ್ಕಂಡ್ ಬತ್ರ್. ಜ್ವರ ಇಲ್ದವ್ರೇ ನಂಗೆ ಮೊದ್ಲ್ ಬೇಕ್' ಎಂದು ಹೇಳಿ, ಇನ್ನೊಮ್ಮೆ ಬತ್ತೆ ಎಂದು ಕೊಡೆ ಬಿಚ್ಚಿದರು. ಅವರು ಎರಡು ಸಲ ಬಂದಾಗಲೂ ಬೋಟು ಕಡಲಿನಲ್ಲಿತ್ತು.

ಬುಧರಾಮ ಮಲಗುತ್ತಿದ್ದದ್ದು ನಮ್ಮ ಮನೆಗೆ ತಾಗಿದ ಬಲೆ ಚಪ್ಪರದಲ್ಲಿ. ತಿಂಗಳು ಕಳೆಯುವಷ್ಟರಲ್ಲಿ ನನ್ನ ಹೆಂಡತಿ ಗುಲಾಬಿಗೆ ಚಳಿ ಹಿಡಿಯಿತು. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಜಲಜಕ್ಕ ಅವಳ ರಕ್ತ ನೋಡಿದವರೇ ಕುಂದಾಪುರದ ಆಸ್ಪತ್ರೆಗೆ ಸೇರಿಸಿ ಎಂದರು. ಹತ್ತು ದಿನ ಅಲ್ಲಿದ್ದಳು. ಮೂರನೆಯ ದಿನ ಅವಳು ನನ್ನನ್ನು ಗುರುತಿಸಲಿಲ್ಲ.

ಆ ನಡುವೆ ಜಲಜಕ್ಕ ಬೋಟು ಬರುವುದನ್ನೇ ಕಾದು ಬುಧರಾಮನ ಬೆರಳು ಚುಚ್ಚಿದ್ದರು. ಮರುದಿನ ನನ್ನನ್ನು ಲ್ಯಾಬಿಗೆ ಕರೆದು ಎರಡು ಗಾಜಿನ ಪಟ್ಟಿಗಳನ್ನು ತೋರಿಸಿದರು. ಗುಲಾಬಿಯದರಲ್ಲಿ ಎಲ್ಲಿ ನೋಡಿದರೂ ಸಣ್ಣ ಸಣ್ಣ ಉಂಗುರಗಳು, ಅವೇ ಮಲೇರಿಯಾದ ರೋಗಾಣುಗಳಂತೆ. ಇನ್ನೊಂದರಲ್ಲಿ ನನಗೆ ಏನೂ ಕಾಣಲಿಲ್ಲ. ಅವರು ಬಹಳ ಹೊತ್ತು ಹುಡುಕಿ ಒಂದೇ ಒಂದು ಉಂಗುರ ಹಿಡಿದು ತೋರಿಸಿದರು. 'ಎರ್ಡೂ ಒಂದೇ ಮಲೇರಿಯಾ. ಗುಲಾಬಿ ಮೈಗೆ ಇದ್ ಹೊಸ್ತ್, ಕಾವಲಿಲ್ಲೆ. ಬುಧರಾಮಂಗೆ ಕಾವಲಿತ್ತ್, ಅದ್ಕೇ ಮಲಗಲಿಲ್ಲ. ಅಡಗಿ ಕೂತದ್ದನ್ನ ಪೂರಾ ಕೊಲ್ಲುಕೆ ಆ ಕಾವಲಿಗೂ ಆಗ್ಲಿಲ್ಲ. ಅವ್ನನ್ನ ಕಚ್ಚಿದ ಸೊಳ್ಳೆ ಮತ್ತೊಬ್ರನ್ನ ಕಚ್ಚತ್ತ್. ಮದ್ದಿಗೆ ಅವ್ನನ್ನ ದಡದಲ್ಲಿ ನಿಲ್ಸ್ಕ್, ಅದ್ಕೆ ನಿಮಗೆ ಹೇಳ್ದೆ. ಹೆಸರ್ ನಿಮ್ಮ ಬಾಯಿಂದ ಹೊರಗೆ ಹೋಪುಕಾಗ' ಎಂದರು. ಅವರು ಯಾರ ಹೆಸರನ್ನೂ ಬಾಯಿಬಿಟ್ಟವರಲ್ಲ.

ನಾನು ಬಾಯಿಬಿಟ್ಟೆ. ಗುಲಾಬಿ ಹಾಸಿಗೆಯಲ್ಲಿ, ತಪ್ಪು ನನ್ನದೇ ಎಂಬ ಸಂಕಟ ಎದೆಯಲ್ಲಿ, ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಹಗುರಾಗುತ್ತದೆ ಎಂದುಕೊಂಡೆನೋ ಏನೋ, ಸಂಜೆ ಮೀನು ಹರಾಜಿನ ಜಾಗದಲ್ಲಿ ಹೆಸರು ಹೇಳಿಬಿಟ್ಟೆ. ಬೆಳಗಾಗುವಾಗ ಚಪ್ಪರದ ಮುಂದೆ ಹತ್ತು ಜನ ನಿಂತಿದ್ದರು, ಇವನನ್ನು ರೈಲು ಹತ್ತಿಸಿ ಎಂದು. ಬುಧರಾಮ ಚೀಲ ಕಟ್ಟಿಕೊಂಡು ಮೂಲೆಯಲ್ಲಿ ಕೂತಿದ್ದ. 'ನಂಗೆ ಜ್ವರ ಇಲ್ಲೆ ಅಣ್ಣ' ಎಂಬ ಒಂದೇ ಮಾತು ಅವನದು.

ಅಷ್ಟರಲ್ಲಿ ಮಾತ್ರೆಯ ಪೊಟ್ಟಣ ಹಿಡಿದು ಜಲಜಕ್ಕ ಬಂದರು. ನನ್ನನ್ನು ಒಮ್ಮೆ ನೋಡಿದರು, ಬೆರಳನ್ನಲ್ಲ, ಮುಖವನ್ನು. ನಾನು ತಲೆ ತಗ್ಗಿಸಿದೆ. ಅವರು ಬುಧರಾಮನ ಪಕ್ಕದಲ್ಲೇ ಬಲೆಯ ರಾಶಿಯ ಮೇಲೆ ಕೂತು, 'ನಿಮ್ಮ ಅಪ್ಪ-ಅಮ್ಮಂಗೆ ಮಕ್ಳ್ ಎಷ್ಟ್ ಜನ?' ಎಂದು ಕೇಳಿದರು. ಐದು ಎಂದ. ಈಗ ಎಷ್ಟು ಎಂದರು. ಅವನು ಮೂರು ಬೆರಳು ತೋರಿಸಿದ. ತಮ್ಮಂದಿರಿಬ್ಬರು ಚಿಕ್ಕವರಿದ್ದಾಗಲೇ ಇದೇ ಜ್ವರಕ್ಕೆ ಹೋದರು, ನನಗೂ ಪ್ರತಿ ಮಳೆಗಾಲ ಬರುತ್ತಿತ್ತು, ಬರಬರುತ್ತಾ ನಿಂತಿತು ಎಂದು ತನ್ನ ಹರುಕು ಕನ್ನಡದಲ್ಲಿ ಹೇಳಿದ.

'ಕೇಂಡ್ರಿಯಾ?' ಎಂದರು ಜಲಜಕ್ಕ ನಮ್ಮ ಕಡೆ ತಿರುಗಿ. 'ಈ ಗಟ್ಟಿತನ ಅಂವ ಸುಮ್ನೆ ಪಡ್ಕಂಡದ್ದಲ್ಲ. ಇಗಳ್ ಓಡ್ಸಿರೆ ಮದ್ದ್ ಇಲ್ದೇ ಬೇರೆ ಬಂದರಕ್ಕೆ ಹೋತ. ರಕ್ತದಲ್ಲಿ ಕಂಡ್ರೆ ಓಡಿಸ್ತ್ರ್ ಅಂತ ಗೊತ್ತಾದ್ರೆ, ನಾಳೆ ನಿಮ್ಮಲ್ಲೇ ಬೆರಳ್ ಕೊಡುದ್ ಯಾರ್?' ಹಿಂದಿದ್ದವರು ಒಬ್ಬೊಬ್ಬರೇ ಮನೆ ಕಡೆ ಹೊರಟರು. ನಾನು ಮುಂದೆ ಹೋಗಿ ಬುಧರಾಮನ ಚೀಲ ತೆಗೆದು ಒಳಗಿಟ್ಟೆ. ಅಂದು ನಾನು ಮಾಡಿದ ಮರ್ಯಾದೆಯ ಕೆಲಸ ಅದೊಂದೇ. ಜಲಜಕ್ಕನ ಕಣ್ಣೆದುರಿಗೇ ಅವನು ಮಾತ್ರೆ ನುಂಗಿದ. ಮೂರು ದಿನವೂ ಅವರೇ ಬಂದು ನುಂಗಿಸಿದರು. ಗುಲಾಬಿ ಮನೆಗೆ ಬಂದ ಮೇಲೆ ಮೊದಲ ಗಂಜಿ ಬೇಯಿಸಿಕೊಟ್ಟವನು ಬುಧರಾಮನೇ.

ಜಲಜಕ್ಕ ನಿವೃತ್ತಿಯಾದರು. ಕಳೆದ ಬೇಸಿಗೆಯಲ್ಲಿ ನೋಡಲು ಹೋದಾಗ ಸಣ್ಣಗಾಗಿ ಮಂಚದಲ್ಲಿದ್ದರು. 'ಬುಧರಾಮ ಊರಿಂದ ಬಪ್ಪತಿಗೆ ನೆನಪ್ ಮಾಡಿ, ಬೆರಳ್ ಕೊಡ್ಕ್ ಅಂತ' ಎಂದರು. ಮಳೆ ಹಿಡಿದ ಮೇಲೆ ತೀರಿಕೊಂಡರು. ಬುಧರಾಮ ಆಗ ಊರಿನಲ್ಲಿದ್ದ, ಅವನಿಗೆ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಬೋಟು ಇಳಿಯುವ ದಿನ ಹತ್ತಿರ ಬಂತು, ಅವನು ಮಾತ್ರ ಚಪ್ಪರಕ್ಕೆ ಬರಲಿಲ್ಲ. ಬಸ್ಸಿಳಿದವನನ್ನು ಕಂಡೆವು ಎಂದು ಯಾರೋ ಹೇಳಿದರು. ನನಗೆ ಹೊಳೆಯಿತು, ಲ್ಯಾಬಿಗೆ ಹೋದೆ. ಚೀಲವನ್ನು ಬಾಗಿಲಲ್ಲಿಟ್ಟು ಅವನು ಬೆಂಚಿನ ಮೇಲೆ ಕೂತಿದ್ದ. ಜಲಜಕ್ಕನ ಜಾಗಕ್ಕೆ ಹೊಸದಾಗಿ ಬಂದ ಹುಡುಗಿ, ಜ್ವರ ಇದೆಯಾ, ಚಳಿ ಇದೆಯಾ ಎಂದು ಕೇಳುತ್ತಿದ್ದಳು. ಎಲ್ಲದಕ್ಕೂ ಅವನು ಇಲ್ಲೆ ಇಲ್ಲೆ ಎನ್ನುತ್ತಿದ್ದ. ನನ್ನನ್ನು ಕಂಡು, 'ಅಕ್ಕ ಹೇಗಿದ್ರ್?' ಎಂದ.

ಹೇಳಿದೆ. ಅವನು ಎದ್ದು ಬಾಗಿಲಲ್ಲಿದ್ದ ಚೀಲವನ್ನು ತಂದು ಕಾಲಬಳಿ ಇಟ್ಟುಕೊಂಡು ಮತ್ತೆ ಕೂತ. 'ಜ್ವರ ಇಲ್ಲ ಅಂದ್ರೆ ಮತ್ತೆ ಯಾಕೆ ಬಂದ್ರಿ?' ಎಂದು ಹುಡುಗಿ ಮೆಲ್ಲಗೆ ಕೇಳಿದಳು.

'ಜ್ವರ ಇಲ್ದವ್ರೇ ಮೊದ್ಲ್ ಬರ್ಕ್' ಎಂದ ಬುಧರಾಮ, ಎಡಗೈ ಮುಂದೆ ಮಾಡಿದ. ಅವನ ಪಕ್ಕದಲ್ಲಿ ಕೂತು ನಾನೂ ನನ್ನ ಬೆರಳು ಚಾಚಿದೆ.